ಆ ರಿಜಿಸ್ಟರ್‌ನಲ್ಲಿ ನಮ್ಮ ಅತ್ತೆಯ ಹೆಸರಿದೆಯಾ, ಸಚಿವರೇ?

ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತ ಖಾತೆಯ ಮಾನ್ಯ ಸಚಿವರಿಗೆ,

ಗೋರೆಗಾಂವ್‌ನಿಂದ ನಮಸ್ಕಾರ. ಡಾಕ್ಟರ ಚೀಟಿ ಇಲ್ಲದೆ ಆ್ಯಂಟಿಬಯೋಟಿಕ್ ಮಾರುವ ಮೆಡಿಕಲ್ ಅಂಗಡಿಗಳ ಬಗ್ಗೆ ಈ ಪತ್ರ.

ನಾನು ಕುಂದಾಪುರದ ಕಡೆಯವಳು. ಮದುವೆಯಾಗಿ ಮುಂಬಯಿಗೆ ಬಂದು 22 ವರ್ಷ ಆಯ್ತು. ಮನೆಯಲ್ಲಿ 68 ವರ್ಷದ ಅತ್ತೆ ಇದ್ದಾರೆ. ಕಳೆದ ಮಳೆಗಾಲದಲ್ಲಿ ಅವರಿಗೆ ಉರಿಮೂತ್ರ ಶುರುವಾಯಿತು. "ಉಷ್ಣ ಆಗಿದೆ ಮಾರಾಯ್ತಿ, ಬಾರ್ಲಿ ನೀರು ಕೊಡು ಸಾಕು" ಅಂದರು. ಎರಡು ದಿನ ಕೊಟ್ಟೆ. ಕಡಿಮೆ ಆಗಲಿಲ್ಲ. ಮೆಡಿಕಲ್‌ಗೆ ಹೋಗಿ ಹೇಳಿದೆ. ಅಲ್ಲಿ ಯಾರೂ ಚೀಟಿ ಕೇಳಲಿಲ್ಲ. ಸೆಫಿಕ್ಸಿಮ್ ಎಂಬ ಆ್ಯಂಟಿಬಯೋಟಿಕ್ ಸ್ಟ್ರಿಪ್ ತೆಗೆದು, ಕತ್ತರಿಯಲ್ಲಿ ಕತ್ತರಿಸಿ ನಾಲ್ಕು ಮಾತ್ರೆ ಕೊಟ್ಟರು. ಸ್ಟ್ರಿಪ್‌ನ ಬೆನ್ನಿಗೆ ಕೆಂಪು ಗೆರೆಯ ಒಂದು ತುಂಡು ಉಳಿದಿತ್ತು. ಪಕ್ಕದ ಎಚ್ಚರಿಕೆಯ ಸಾಲು ಅರ್ಧಕ್ಕೇ ತುಂಡಾಗಿತ್ತು.

ಉರಿ ನಿಂತಿತು. ಮೂರು ವಾರಕ್ಕೆ ಮತ್ತೆ ಬಂತು. ಮತ್ತೆ ಅದೇ ಅಂಗಡಿ, ಅದೇ ಮಾತ್ರೆ. ತಪ್ಪು ನನ್ನದೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಮೂರನೇ ಸಲ ಚಳಿ ಜ್ವರ, ಬೆನ್ನು ನೋವು. ಸೋಂಕು ಕಿಡ್ನಿಗೆ ಏರಿತ್ತು.

ಆಸ್ಪತ್ರೆಯಲ್ಲಿ ಮೂತ್ರದ ಕಲ್ಚರ್ ಮಾಡಿಸಿದರು, ಅಂದರೆ ರೋಗಾಣುವನ್ನು ಬೆಳೆಸಿ ಅದು ಯಾವ ಔಷಧಿಗೆ ಬಗ್ಗುತ್ತದೆ ಎಂದು ನೋಡುವ ಪರೀಕ್ಷೆ. ಎರಡು ದಿನ ಬಿಟ್ಟು ರಿಪೋರ್ಟ್ ಬಂತು. ಮೇಲೆ ಇ. ಕೊಲೈ ಎಂದು ರೋಗಾಣುವಿನ ಹೆಸರು. ಕೆಳಗೆ ಔಷಧಿಗಳ ಪಟ್ಟಿ, ಪ್ರತಿಯೊಂದರ ಎದುರು ಒಂದೇ ಅಕ್ಷರ. 'ಎಸ್' ಅಂದರೆ ಔಷಧಿ ಕೆಲಸ ಮಾಡುತ್ತದೆ, 'ಆರ್' ಅಂದರೆ ಮಾಡುವುದಿಲ್ಲ. ಸೆಫಿಕ್ಸಿಮ್ ಆರ್. ಸೆಫ್ಟ್ರಿಯಾಕ್ಸೋನ್ ಆರ್. ಸಿಪ್ರೋಫ್ಲಾಕ್ಸಾಸಿನ್ ಆರ್. ಬೆರಳಿಟ್ಟು ಕೆಳಗೆ ಬಂದರೆ ನೈಟ್ರೋಫ್ಯುರಾಂಟೋಯಿನ್ ಎದುರು ಒಂದು ಎಸ್ ಸಿಕ್ಕಿತು. "ಇದು ಮಾತ್ರೆ ಅಲ್ವಾ ಡಾಕ್ಟ್ರೇ, ಇದನ್ನೇ ಕೊಡಿ" ಅಂದೆ. ಅದು ಮೂತ್ರಕೋಶದ ಸೋಂಕಿಗೆ ಸರಿ, ಕಿಡ್ನಿಯಲ್ಲಿ ಬೇಕಾದಷ್ಟು ಸೇರುವುದಿಲ್ಲ ಎಂದರು. ಕೊನೆಗೆ ಮೆರೊಪೆನೆಮ್ ಇಂಜೆಕ್ಷನ್. ಏಳು ದಿನ, ದಿನಕ್ಕೆ ಮೂರು ಸಲ, ಕೈಯ ನರಕ್ಕೆ. ಅತ್ತೆಯ ಎರಡೂ ಕೈ ನೀಲಿಗಟ್ಟಿದವು.

ಹೀಗೇಕೆ ಎಂದು ಕೇಳಿದಾಗ ಡಾಕ್ಟರು ಕೂತು ವಿವರಿಸಿದರು. ಇ. ಕೊಲೈ ನಮ್ಮೆಲ್ಲರ ಕರುಳಿನಲ್ಲಿ ಇರುತ್ತದೆ. ಅಲ್ಲಿಂದಲೇ ಮೂತ್ರದ ದಾರಿಗೆ ಬರುತ್ತದೆ. ಹೆಂಗಸರಲ್ಲಿ ಆ ದಾರಿ ಚಿಕ್ಕದು, ಅದಕ್ಕೇ ಸೋಂಕು ಜಾಸ್ತಿ. (ಸ್ವಚ್ಛ ಶೌಚಾಲಯ ಸಿಗುವುದಿಲ್ಲ ಎಂದು ನೀರೇ ಕುಡಿಯದೆ ಲೋಕಲ್ ಹತ್ತುವ ನಮ್ಮ ಹೆಂಗಸರ ಕಥೆ ಬೇರೆಯೇ ಇದೆ.) ಮಾತ್ರೆ ನುಂಗಿದಾಗ ಕರುಳಿನ ಬ್ಯಾಕ್ಟೀರಿಯಾಗಳಿಗೂ ಅದು ತಗಲುತ್ತದೆ. ಬಗ್ಗುವಂಥವು ಸಾಯುತ್ತವೆ, ಬಗ್ಗದವು ಉಳಿದು ಬೆಳೆಯುತ್ತವೆ. ಕೆಲವು ಔಷಧಿಯನ್ನೇ ಒಡೆದು ಹಾಕುವ ಕಿಣ್ವ ತಯಾರಿಸುತ್ತವೆ. ಆ ವಿದ್ಯೆಯನ್ನು ಪಕ್ಕದ ಬ್ಯಾಕ್ಟೀರಿಯಾಕ್ಕೂ ದಾಟಿಸುತ್ತವೆ. ಅಂದರೆ ಇದು ನಮ್ಮ ಮನೆಯೊಳಗೇ ಮುಗಿಯುವ ಕಾಯಿಲೆ ಅಲ್ಲ.

ಸಚಿವರೇ, ಹೊಸ ಕಾನೂನು ಬೇಕು ಎಂದು ನಾನು ಕೇಳುತ್ತಿಲ್ಲ. ಕಾನೂನು ಇದೆ. ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಔಷಧಿಗಳ ಎಚ್1 ಪಟ್ಟಿ 2014ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಸೆಫಿಕ್ಸಿಮ್ ಅದರಲ್ಲಿದೆ. ಅದನ್ನು ಮಾರಿದರೆ ವೈದ್ಯರ ಹೆಸರು, ವಿಳಾಸ, ರೋಗಿಯ ಹೆಸರು, ಔಷಧಿ, ಪ್ರಮಾಣ ಎಲ್ಲವನ್ನೂ ಪ್ರತ್ಯೇಕ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಡಬೇಕು. ಸ್ಟ್ರಿಪ್ ಮೇಲೆ ಕೆಂಪು ಗೆರೆ ಇದ್ದರೆ ಚೀಟಿ ಇಲ್ಲದೆ ಕೊಳ್ಳಬಾರದು ಎಂದು ಜನ ಎಚ್ಚರವಾಗಲಿ ಅಂತ 2016ರಲ್ಲಿ ಕೇಂದ್ರ ಸರ್ಕಾರ ಪ್ರಚಾರವನ್ನೂ ಮಾಡಿತು. ಆದರೆ ನಮ್ಮ ಅತ್ತೆಯ ಹೆಸರನ್ನು ಆ ಅಂಗಡಿಯಲ್ಲಿ ಯಾರೂ ಕೇಳಲೇ ಇಲ್ಲ. ಎರಡು ಸಲ ಮಾರಿದ ಆ ಮಾತ್ರೆಗಳ ಲೆಕ್ಕಕ್ಕೆ ಯಾವ ವೈದ್ಯರ ಹೆಸರು ಬರೆದರು?

ಕೇರಳ ಈ ಕೆಲಸ ಶುರು ಮಾಡಿದೆ. ಚೀಟಿ ಇಲ್ಲದೆ ಆ್ಯಂಟಿಬಯೋಟಿಕ್ ಮಾರುವ ಅಂಗಡಿಗಳ ಮೇಲೆ 2024ರಲ್ಲಿ 'ಆಪರೇಷನ್ ಅಮೃತ್' ಹೆಸರಿನಲ್ಲಿ ದಿಢೀರ್ ತಪಾಸಣೆ ನಡೆಸಿತು. ನಿಮ್ಮ ಇನ್‌ಸ್ಪೆಕ್ಟರುಗಳೂ ಹೇಳದೆ ಕೇಳದೆ ಹೋಗಲಿ. ರಿಜಿಸ್ಟರ್ ತೆರೆಸಲಿ, ಸ್ಟಾಕಿಗೆ ತಾಳೆ ನೋಡಲಿ. ಎಷ್ಟು ಅಂಗಡಿ ನೋಡಿದಿರಿ, ಏನು ಸಿಕ್ಕಿತು ಎಂದು ಜನರಿಗೆ ತಿಳಿಸಿ.

ಇನ್ನೊಂದು ಮಾತು. ಬರೀ ಅಂಗಡಿಯ ಬಾಗಿಲು ಹಾಕಿದರೆ ಬಡವರು ಎಲ್ಲಿಗೆ ಹೋಗಬೇಕು? ದಿನದ ಕೂಲಿ ಬಿಟ್ಟು, ಡಾಕ್ಟರ ಫೀಸು ಕೊಟ್ಟು, ಮೇಲೆ ಲ್ಯಾಬಿಗೂ ದುಡ್ಡು ಕಟ್ಟಲು ಎಷ್ಟು ಜನರಿಗೆ ಆಗುತ್ತದೆ? ಉರಿಮೂತ್ರ ಮತ್ತೆ ಮತ್ತೆ ಬರುವವರಿಗೆ ಪಾಲಿಕೆಯ ದವಾಖಾನೆಗಳಲ್ಲಿ ಕಲ್ಚರ್ ಪರೀಕ್ಷೆ ಉಚಿತವಾಗಿ ಆಗುವಂತೆ ಆರೋಗ್ಯ ಸಚಿವರ ಜೊತೆ ಕೂತು ಮಾತಾಡಿ. ಮನೆಗೆಲಸಕ್ಕೆ ಹೋಗುವ ಹೆಂಗಸೂ ಅಲ್ಲಿ ಬಾಟಲಿ ಕೊಟ್ಟು ಕೆಲಸಕ್ಕೆ ಹೋಗುವ ಹಾಗಿರಬೇಕು.

ಅತ್ತೆ ಈಗ ಹುಷಾರಾಗಿದ್ದಾರೆ. ಆದರೆ ಸ್ವಲ್ಪ ಉರಿ ಅನ್ನಿಸಿದರೂ ನನ್ನ ಮುಖ ನೋಡುತ್ತಾರೆ. ಆ ರಿಪೋರ್ಟ್ ಮತ್ತು ಮಾತ್ರೆ ಖಾಲಿಯಾದ ಆ ತುಂಡು ಸ್ಟ್ರಿಪ್ ಎರಡನ್ನೂ ಕಪಾಟಿನಲ್ಲಿ ಇಟ್ಟಿದ್ದೇನೆ. ನೀವು ಕರೆದ ದಿನ ತೆಗೆದುಕೊಂಡು ಬರುತ್ತೇನೆ.

ಇಂತಿ,
ಗೋರೆಗಾಂವ್‌ನ ಒಬ್ಬ ಸೊಸೆ