ದೂರು: ಕಿಡ್ನಿ ರೋಗಿಗಳ ಡೇಟಾದ ಕೋಡ್‌ಬುಕ್ ಕಳೆದುಹಾಕಿದ ಬಗ್ಗೆ

ಮಾನ್ಯ ವ್ಯವಸ್ಥಾಪಕರೇ,

ಫೋನಿನಲ್ಲಿ ಮಾತಾಡಿ ಸಾಕಾಗಿದೆ. ಇನ್ನು ಎಲ್ಲವೂ ಬರಹದಲ್ಲೇ ಇರಲಿ.

ನಮ್ಮ ಕಿಡ್ನಿ ರೋಗಿಗಳ ಡೇಟಾಬೇಸನ್ನು ಬಹುಕಾಲ ಕಾಪಾಡಿಡಲು ನಿಮಗೆ ಒಪ್ಪಿಸಿದ್ದೆವು. ನಿಮ್ಮದೇ ಕರಾರು ನಿಮಗೆ ಗೊತ್ತಿರುತ್ತದೆ. ಮೂಲ ಫೈಲನ್ನು ಮುಟ್ಟುವಂತಿಲ್ಲ. ಕೋಡ್‌ಬುಕ್, ಅಂದರೆ ಯಾವ ಕಾಲಂ ಏನು, ಯಾವ ಅಂಕಿಗೆ ಏನರ್ಥ ಅಂತ ಹೇಳುವ ಪಟ್ಟಿ, ಡೇಟಾ ಜೊತೆಗೇ ಇರಬೇಕು. ಹೊಸ ಸಿಸ್ಟಮ್‌ಗೆ ಸಾಗಿಸುವ ಮೊದಲು ನಮ್ಮನ್ನು ಕೇಳಬೇಕು. ನೀವು ಕೇಳದೆಯೇ ಸಾಗಿಸಿದಿರಿ, ಕೋಡ್‌ಬುಕ್ ಕಳೆದುಹಾಕಿದಿರಿ. ಈಗ ಫೈಲು ತೆರೆದರೆ ವಿ1, ವಿ2, ವಿ3 ಎಂಬ ಕಾಲಂಗಳಷ್ಟೇ ಕಾಣುತ್ತವೆ. ಅಳತೆ ಸಿಗದ ಕಡೆ ನಾವು 999 ಅಂತ ಬರೆದಿದ್ದೆವು. ಅದೀಗ ನಿಜವಾದ ರಕ್ತದೊತ್ತಡದ ಹಾಗೆ ಸರಾಸರಿಗೆ ಸೇರಿಕೊಂಡಿದೆ.

ನಿಮ್ಮ ಸಪೋರ್ಟ್‌ನವರು ಏನಂದರು ಗೊತ್ತಾ? "ಮೇಡಂ, ಸಾಲುಗಳ ಲೆಕ್ಕ ತಾಳೆಯಾಗಿದೆ. ಏನೂ ಕಳೆದಿಲ್ಲ." ಹಾಗಾದರೆ ವಿ23 ಏನು ಅಂತ ಕೇಳಿದೆ. "ಡೇಟಾ ನಿಮ್ಮದು, ನಿಮಗೇ ಗೊತ್ತಿಲ್ವಾ?" ಕೋಡ್‌ಬುಕ್ ನಿಮ್ಮ ಹತ್ತಿರ ಇದೆ, ನಿಮ್ಮ ಮಾತು ನಂಬಿಯೇ ಹಳೇ ಸರ್ವರ್ ಮುಚ್ಚಿದೆವು ಅಂದೆ. "ಒಂದ್ನಿಮಿಷ" ಅಂತ ಫೋನನ್ನು ಸ್ಪೀಕರ್‌ಗೆ ಹಾಕಿದರು. ಹಿಂದೆ ಯಾರೋ ನಕ್ಕರು. "ಮೇಡಂ, ನಿಮಗೆ ಎಕ್ಸೆಲ್ ಬರುತ್ತಾ?" ಅಂತ ಕೇಳಿದರು. ಮತ್ತೆ ನಗು. ನಾನು ಸಮಾಧಾನವಾಗಿಯೇ ವಿವರಿಸಿದೆ. ಕೆಲವು ಲ್ಯಾಬ್‌ಗಳು ರಕ್ತದ ಯೂರಿಯಾ ಬರೆಯುತ್ತವೆ, ಕೆಲವು ಯೂರಿಯಾ ನೈಟ್ರೋಜನ್, ಅಂದರೆ ಆ ಯೂರಿಯಾದೊಳಗಿನ ನೈಟ್ರೋಜನ್ ಮಾತ್ರ. ಮೊದಲನೆಯದು ಎರಡನೆಯದರ ಸುಮಾರು 2.14 ಪಟ್ಟು. ಬರೀ 40 ಅಂತಿದ್ದರೆ, ಯೂರಿಯಾ ಆದರೆ ಗಾಬರಿಯಿಲ್ಲ, ನೈಟ್ರೋಜನ್ ಆದರೆ ಕಿಡ್ನಿಗೆ ತೊಂದರೆ ಇರಬಹುದು. ಯಾವುದು ಅಂತ ಹೇಳುವುದು ಆ ಕೋಡ್‌ಬುಕ್ ಮಾತ್ರ. ಅದಕ್ಕೆ ಬಂದ ಉತ್ತರ: "ಹಳೇ ಡೇಟಾ ಅಲ್ವಾ ಮೇಡಂ, ಯಾರಿಗೆ ಬೇಕು?" ಫೋನ್ ಇಟ್ಟರು.

ಯಾರಿಗೆ ಬೇಕು ಅಂತ ನಾನು ಹೇಳುತ್ತೇನೆ. ಅಮೆರಿಕದ ಮಿನ್ನೆಸೋಟಾದಲ್ಲಿ 1968ರಿಂದ 1973ರವರೆಗೆ ಆಹಾರ ಮತ್ತು ಹೃದಯರೋಗದ ಬಗ್ಗೆ ದೊಡ್ಡ ಪ್ರಯೋಗ ನಡೆಯಿತು. ಅದರ ಪೂರ್ತಿ ಲೆಕ್ಕ ಆಗ ಹೊರಬರಲಿಲ್ಲ. ಹಳೇ ಟೇಪು, ಕಾಗದ ಉಳಿದಿದ್ದವು. ಅದರಿಂದಲೇ 2016ರಲ್ಲಿ ಮತ್ತೆ ಲೆಕ್ಕ ಹಾಕಲು ಆಯಿತು. ಗಟ್ಟಿ (ಸ್ಯಾಚುರೇಟೆಡ್) ಕೊಬ್ಬಿನ ಬದಲು ಮೆಕ್ಕೆಜೋಳದ ಎಣ್ಣೆ ತಿಂದವರ ಕೊಲೆಸ್ಟ್ರಾಲ್ ಇಳಿದಿತ್ತು, ಸಾವು ಇಳಿದಿರಲಿಲ್ಲ. ನಲವತ್ತು ವರ್ಷ ದಾಟಿದ ಡೇಟಾ ಅದು! ನಿಮ್ಮ ಕೈಗೆ ಸಿಕ್ಕಿದ್ದರೆ ಅದರ ಗತಿ ಏನಾಗುತ್ತಿತ್ತೋ.

ನಮ್ಮ ರೋಗಿಗಳು ವರ್ಷಗಟ್ಟಲೆ ಬಂದು ರಕ್ತ ಕೊಟ್ಟಿದ್ದಾರೆ. ಅವರಲ್ಲಿ ಎಷ್ಟೋ ಜನ ಈಗಿಲ್ಲ. ಅವರನ್ನು ಮತ್ತೆ ಕರೆದು ಅಳೆಯಲು ಆಗುತ್ತಾ?

ಸಾಗಿಸುವ ಮುಂಚಿನ ಬ್ಯಾಕಪ್ಪಿನಿಂದ ಮೂಲ ಫೈಲು, ಕೋಡ್‌ಬುಕ್, ಚೆಕ್‌ಸಮ್ ಪಟ್ಟಿ (ಫೈಲು ಬದಲಾಗಿಲ್ಲ ಅಂತ ತಾಳೆ ನೋಡುವ ಸಂಕೇತಗಳ ಪಟ್ಟಿ) ಮೂರನ್ನೂ ಈ ತಿಂಗಳೊಳಗೆ ಕೊಡಿ. ಬ್ಯಾಕಪ್ ಅಳಿಸಿದ್ದರೆ ಅದನ್ನೂ ಬರೆದು ಸಹಿ ಹಾಕಿ ಕೊಡಿ. ಹಣ ವಾಪಸ್ ಕೊಟ್ಟು ಕೈತೊಳೆದುಕೊಳ್ಳುವ ಯೋಚನೆ ಬೇಡ. ಕೋರ್ಟಿಗಂತೂ ಹೋಗುತ್ತೇವೆ. ನಿಮ್ಮ ಬಳಿ ಡೇಟಾ ಇಟ್ಟಿರುವ ಬೇರೆ ಸಂಶೋಧಕರಿಗೆ, ನಮ್ಮ ನೈತಿಕ ಸಮಿತಿಗೆ, ರಕ್ತ ಕೊಟ್ಟ ರೋಗಿಗಳಿಗೆ ಮತ್ತು ತೀರಿಕೊಂಡವರ ಮನೆಯವರಿಗೆ ನಡೆದದ್ದನ್ನೆಲ್ಲ ನಿಮ್ಮ ಕಂಪನಿಯ ಹೆಸರು ಹಾಕಿಯೇ ತಿಳಿಸುತ್ತೇವೆ.

ಇಂತಿ,
ಡೇಟಾಬೇಸ್ ಮೇಲ್ವಿಚಾರಕಿ