ಎರಡು ಲೈನ್ ಇದ್ದರೂ ನೆಟ್ ಹೋಗುವುದೇಕೆ?

ಮಾನ್ಯ ಸಂಪಾದಕರೇ,

ಕಳೆದ ವಾರ ಇದೇ ಅಂಕಣದಲ್ಲಿ ಓದುಗರೊಬ್ಬರು ನ್ಯಾಯವಾದ ಪ್ರಶ್ನೆಯನ್ನೇ ಕೇಳಿದ್ದರು. ಅವರ ಊರಿನ ಕೇಬಲ್ ಆಪರೇಟರ್ "ನಮ್ಮಲ್ಲಿ ಎರಡು ಕಂಪನಿಯ ಲೈನ್ ಇದೆ" ಎಂದು ಬೋರ್ಡ್ ಹಾಕಿಕೊಂಡಿದ್ದಾರಂತೆ. ಆದರೆ ಜೆಸಿಬಿ ಒಂದು ಫೈಬರ್ ಕಿತ್ತರೆ ಸಾಕು, ಅರ್ಧ ದಿನ ಊರಿಗೆಲ್ಲ ನೆಟ್ ಇಲ್ಲ. ಹಾಗಾದರೆ ಎರಡನೇ ಲೈನ್ ಯಾತಕ್ಕೆ ಎಂದು ಅವರು ಕೇಳಿದ್ದರು.

ನಾನು ತೀರ್ಥಹಳ್ಳಿ ಕಡೆ ಒಂದು ಸಣ್ಣ ಕೇಬಲ್ ಇಂಟರ್ನೆಟ್ ಸಂಸ್ಥೆಯಲ್ಲಿ ರೂಟರ್ ನೋಡಿಕೊಳ್ಳುವವಳು. ಕಂಬ ಹತ್ತುವ ಹುಡುಗರು ಬೇರೆ, ಬಿಲ್ ವಸೂಲಿ ಮಾಡುವವರು ಬೇರೆ. ನನ್ನ ಪಾಲಿಗೆ ಬಂದಿರುವುದು ಆಜ್ಞೆ ಹೊಡೆಯುವ ಕಪ್ಪು ಪರದೆ. ಹಾಗಾಗಿ ಉತ್ತರ ಬರೆಯೋಣ ಅನ್ನಿಸಿತು.

ಮೊದಲ ಉತ್ತರ ಸುಲಭ. ಎರಡೂ ಕಂಪನಿಯ ಫೈಬರ್ ಒಂದೇ ಚರಂಡಿಯಲ್ಲಿ, ಒಂದೇ ಕಂಬದ ಮೇಲೆ ಬಂದಿದ್ದರೆ ಒಂದೇ ಜೆಸಿಬಿ ಎರಡನ್ನೂ ಮುಗಿಸುತ್ತದೆ. ಇದಕ್ಕೆ ಯಾವ ಸಾಫ್ಟ್‌ವೇರೂ ಏನೂ ಮಾಡಲಾರದು. ಘಾಟಿ ಕಡೆಯಿಂದ ಒಂದು, ಶಿವಮೊಗ್ಗ ಕಡೆಯಿಂದ ಒಂದು ಎಂದು ಬೇರೆ ಬೇರೆ ದಿಕ್ಕಿನಿಂದ ಬಂದಿದ್ದರೆ ಮಾತ್ರ ಮುಂದಿನ ಮಾತು.

ಲೈನ್ ಎರಡಿದ್ದರೆ ಒಂದರಿಂದ ಇನ್ನೊಂದಕ್ಕೆ ಹೊರಳಿಸುವವರು ಯಾರಾದರೂ ಬೇಕಲ್ಲ? ಎಷ್ಟೋ ಕಡೆ ಆ ಕೆಲಸವನ್ನು ಮನುಷ್ಯರೇ ಮಾಡುತ್ತಾರೆ. ಆ ಮನುಷ್ಯ ಮದುವೆಗೆ ಹೋಗಿದ್ದರೆ ಊರಿಗೆ ನೆಟ್ ಇಲ್ಲ. ಇದನ್ನು ತಾನಾಗಿಯೇ ಮಾಡಲು ಬಿಜಿಪಿ ಎಂಬ ಪದ್ಧತಿ ಇದೆ. ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ "ಸಾಗರ, ಸಾಗರ" ಎಂದು ಕೂಗುವ ಹಾಗೆ, "ಈ ವಿಳಾಸಗಳಿಗೆ ಹೋಗಬೇಕಾದರೆ ನನ್ನ ಕಡೆ ಬನ್ನಿ" ಎಂದು ಒಂದು ರೂಟರ್ ಪಕ್ಕದ ರೂಟರಿಗೆ ಸಾರುತ್ತದೆ. ಅದು ಇನ್ನೊಂದಕ್ಕೆ ಹೇಳುತ್ತದೆ. ಒಂದು ಕಡೆ ಕೂಗು ನಿಂತರೆ ಜಗತ್ತು ಇನ್ನೊಂದು ದಾರಿಯಲ್ಲಿ ನಮ್ಮನ್ನು ಹುಡುಕಿಕೊಂಡು ಬರುತ್ತದೆ.

ಇದಕ್ಕೆ ನಮ್ಮದೇ ವಿಳಾಸಗಳು ಬೇಕು, ನಮ್ಮದೇ ಎಎಸ್ ನಂಬರ್ (ಇಂಟರ್ನೆಟ್ಟಿನಲ್ಲಿ ನಮ್ಮ ಜಾಲವನ್ನು ಗುರುತಿಸುವ ಸಂಖ್ಯೆ) ಬೇಕು. ಭಾರತದಲ್ಲಿ ಇವನ್ನು ಕೊಡುವುದು ಐಆರ್‌ಐಎನ್‌ಎನ್ ನೋಂದಣಿ ಸಂಸ್ಥೆ. ಐಪಿವಿ4 ಎಂಬ ಹಳೆಯ ವಿಳಾಸ ಪದ್ಧತಿಯಲ್ಲಿ 256 ವಿಳಾಸಗಳ ಕಟ್ಟು ಕನಿಷ್ಠ. ಅದಕ್ಕಿಂತ ಚಿಕ್ಕದನ್ನು ಸಾರಿದರೆ ಹೊರಗಿನವರು ಸಾಮಾನ್ಯವಾಗಿ ಕಿವಿಗೆ ಹಾಕಿಕೊಳ್ಳುವುದಿಲ್ಲ.

ದುಬಾರಿ ಪೆಟ್ಟಿಗೆಯೇ ಬೇಕೆಂದಿಲ್ಲ. ಲಿನಕ್ಸ್ ಹಾಕಿದ ಸಾಧಾರಣ ಕಂಪ್ಯೂಟರಿನಲ್ಲಿ ಎಫ್‌ಆರ್‌ಆರ್ ಎಂಬ ಉಚಿತ ರೂಟಿಂಗ್ ಡೀಮನ್ (ಹಿನ್ನೆಲೆಯಲ್ಲಿ ಓಡುತ್ತ ದಾರಿ ನೋಡಿಕೊಳ್ಳುವ ಪ್ರೋಗ್ರಾಂ) ಹಾಕಿದರೆ ಸಣ್ಣ ಊರಿಗೆ ಸಾಕು. ಜೆಕ್ ದೇಶದವರ ಬರ್ಡ್ ಕೂಡ ಒಳ್ಳೆಯದೇ. ನನ್ನ ಕೈ ಪಳಗಿರುವುದು ಎಫ್‌ಆರ್‌ಆರ್‌ನಲ್ಲಿ, ಅದನ್ನೇ ಹೇಳುತ್ತೇನೆ.

ಹಾಕುವುದೇನೋ ಸುಲಭ. ತೊಡಕು ಶುರುವಾಗುವುದು ಆಮೇಲೆ. ಡೀಮನ್ಸ್ ಎಂಬ ಫೈಲಿನಲ್ಲಿ ಬಿಜಿಪಿ ಸಾಲಿನ ಮುಂದೆ 'ನೋ' ಅಂತ ಇರುತ್ತದೆ. ಅದನ್ನು 'ಯೆಸ್' ಮಾಡಿ ಎಫ್‌ಆರ್‌ಆರ್ ಅನ್ನು ಮತ್ತೆ ಚಾಲೂ ಮಾಡಬೇಕು. ಲಿನಕ್ಸಿನಲ್ಲಿ ಐಪಿ ಫಾರ್ವರ್ಡಿಂಗ್ ಆನ್ ಆಗಿದೆಯಾ ನೋಡಬೇಕು. ಇಲ್ಲದಿದ್ದರೆ ಆ ಕಂಪ್ಯೂಟರಿಗೆ ದಾರಿಯೆಲ್ಲ ಗೊತ್ತಿರುತ್ತದೆ, ಆದರೆ ಒಂದು ಪ್ಯಾಕೆಟನ್ನೂ (ಮಾಹಿತಿಯ ತುಣುಕನ್ನೂ) ದಾಟಿಸುವುದಿಲ್ಲ. ಆಮೇಲೆ ವಿಟಿವೈಶೆಲ್ ಎಂಬ ಆಜ್ಞೆ ಕೊಡುವ ಪರದೆಯ ಒಳಗೆ ಹೋಗಿ ನಮ್ಮ ಎಎಸ್ ನಂಬರ್, ಪಕ್ಕದ ರೂಟರಿನ ವಿಳಾಸ, ಅದರ ಎಎಸ್ ನಂಬರ್ ಹೊಡೆದರೆ ಸಂಪರ್ಕ ಕೂಡುತ್ತದೆ. ಖುಷಿಯಾಗುತ್ತದೆ.

ಆದರೆ ಒಂದೂ ರೂಟ್, ಅಂದರೆ ಪಕ್ಕದವರು ಸಾರುವ ದಾರಿ, ಬರುವುದಿಲ್ಲ. ಸಮ್ಮರಿ ತೆಗೆದು ನೋಡಿದರೆ ಎಷ್ಟು ರೂಟ್ ಬಂತು ಎಂಬ ಕಾಲಮ್ಮಿನಲ್ಲಿ ಅಂಕಿಯೇ ಇಲ್ಲ. ಆವರಣದೊಳಗೆ 'ಪಾಲಿಸಿ' ಎಂಬ ಪದ ಕೂತಿರುತ್ತದೆ. ಹೊಸ ಹುಡುಗರು ಇಲ್ಲಿ ಗಾಬರಿ ಬಿದ್ದು ಮೊಬೈಲಿನಲ್ಲಿ ಹುಡುಕುತ್ತಾರೆ. ತಕ್ಷಣ ಒಂದು ಸಾಲು ಸಿಗುತ್ತದೆ: 'ನೋ ಬಿಜಿಪಿ ಇಬಿಜಿಪಿ-ರಿಕ್ವೈರ್ಸ್-ಪಾಲಿಸಿ'. ಹೊಡೆದರೆ ಸಾಕು, ರೂಟುಗಳು ಧೋ ಅಂತ ಸುರಿಯುತ್ತವೆ. ಎಲ್ಲರೂ ಚಹಾಕ್ಕೆ ಹೋಗುತ್ತಾರೆ.

ಸಂಪಾದಕರೇ, ಈ ಪತ್ರ ಬರೆದದ್ದೇ ಈ ಒಂದು ಸಾಲಿನ ಬಗ್ಗೆ. ದಯವಿಟ್ಟು ಅದನ್ನು ಹೊಡೆಯಬೇಡಿ.

ಏನು ಒಪ್ಪಬೇಕು, ಏನು ಸಾರಬೇಕು ಎಂದು ನೀವು ಬರೆದು ಹೇಳುವ ತನಕ ಏನನ್ನೂ ಒಪ್ಪುವುದಿಲ್ಲ, ಏನನ್ನೂ ಸಾರುವುದಿಲ್ಲ ಎಂದು ಎಫ್‌ಆರ್‌ಆರ್ ಬೇಕೆಂದೇ ಹಟ ಹಿಡಿಯುತ್ತದೆ. 2017ರ ಆರ್‌ಎಫ್‌ಸಿ 8212 ಎಂಬ ಇಂಟರ್ನೆಟ್ ಮಾನದಂಡದ ದಾಖಲೆ ಹೇಳಿದ್ದು ಇದನ್ನೇ. ಎಫ್‌ಆರ್‌ಆರ್ 7.4 ಆವೃತ್ತಿಯಿಂದ ಅದನ್ನು ರೂಢಿಗೆ ತಂದಿತು. ಬರ್ಡ್‌ನ ಎರಡನೇ ಆವೃತ್ತಿಯೂ ಅಷ್ಟೇ ಕಟ್ಟುನಿಟ್ಟು. ಎಫ್‌ಆರ್‌ಆರ್ ಮೊದಲು ಹೀಗಿರಲಿಲ್ಲ. ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ಫಿಲ್ಟರ್ ಬರೆಯದೆ ಬಿಟ್ಟರೆ ಒಬ್ಬರಿಂದ ಬಂದದ್ದನ್ನೆಲ್ಲ ಇನ್ನೊಬ್ಬರಿಗೆ ಸಾರಿಬಿಡುತ್ತಿತ್ತು.

ಸಾರಿದರೆ ಏನಾಗುತ್ತದೆ? ಎರಡೂ ಕಂಪನಿಯಿಂದ ಇಡೀ ಇಂಟರ್ನೆಟ್ಟಿನ ಪಟ್ಟಿ ತರಿಸಿಕೊಂಡಿದ್ದೀರಿ ಅಂದುಕೊಳ್ಳಿ. ಈಗ ಅದರಲ್ಲಿ ಹತ್ತಿರ ಹತ್ತಿರ 10 ಲಕ್ಷ ರೂಟುಗಳಿವೆ. ಫಿಲ್ಟರ್ ಇಲ್ಲದಿದ್ದರೆ ಒಂದು ಕಂಪನಿ ಕೊಟ್ಟದ್ದನ್ನು ಇನ್ನೊಂದಕ್ಕೆ "ನನ್ನ ಕಡೆಯಿಂದ ಹೋಗಿ" ಎಂದು ಹೇಳಿದ ಹಾಗಾಗುತ್ತದೆ. ಆ ಕಡೆಯವರೂ ಫಿಲ್ಟರ್ ಹಾಕಿರದಿದ್ದರೆ ನಂಬುತ್ತಾರೆ. ಯಾರದ್ದೋ ದಟ್ಟಣೆಯೆಲ್ಲ ನಮ್ಮ ಊರಿನ ಬಡಪಾಯಿ ಫೈಬರಿನ ಮೇಲೆ ಬರುತ್ತದೆ. ನಮ್ಮ ಊರೂ ಮಲಗುತ್ತದೆ, ಅವರೂ ಮಲಗುತ್ತಾರೆ.

ಸುಮ್ನೆ ಹೆದರಿಸುತ್ತಿಲ್ಲ. 2008ರ ಫೆಬ್ರವರಿ 24ರಂದು ಪಾಕಿಸ್ತಾನ್ ಟೆಲಿಕಾಂ ತನ್ನ ದೇಶದೊಳಗೆ ಯೂಟ್ಯೂಬ್ ನಿಲ್ಲಿಸಲು ಹೊರಟು 208.65.153.0/24 ಎಂಬ 256 ವಿಳಾಸಗಳ ಕಟ್ಟನ್ನು ತನ್ನದೆಂದು ಸಾರಿತು. ಅದು ದೇಶದೊಳಗೇ ಉಳಿಯಬೇಕಿತ್ತು. ಅದಕ್ಕೆ ಹೊರಜಗತ್ತಿನ ಸಂಪರ್ಕ ಕೊಡುತ್ತಿದ್ದ ಕಂಪನಿ ಪಿಸಿಸಿಡಬ್ಲ್ಯು ತಡೆಯದೆ ಜಗತ್ತಿಗೆಲ್ಲ ದಾಟಿಸಿತು. ಯೂಟ್ಯೂಬ್ ತಾನು ಸಾರುತ್ತಿದ್ದದ್ದು ಅದಕ್ಕಿಂತ ದೊಡ್ಡ ಕಟ್ಟು, 1,024 ವಿಳಾಸಗಳ /22. ಚಿಕ್ಕ ಕಟ್ಟು ಹೇಳಿದವರ ಮಾತೇ ನಡೆಯುವುದು ರೂಟಿಂಗ್‌ನ ನಿಯಮ. ಹಾಗಾಗಿ ಸುಮಾರು ಎರಡು ಗಂಟೆ ಜಗತ್ತಿನ ಬಹುಪಾಲು ಕಡೆ ಯೂಟ್ಯೂಬ್ ಇರಲಿಲ್ಲ. ನಮ್ಮ ದೇಶದ್ದೂ ಇದೆ. 2021ರ ಏಪ್ರಿಲ್‌ನಲ್ಲಿ ವೊಡಾಫೋನ್ ಐಡಿಯಾದ ಜಾಲದಿಂದ ತನ್ನದಲ್ಲದ 30,000ಕ್ಕೂ ಹೆಚ್ಚು ರೂಟುಗಳು ಹೊರಗೆ ಹೋಗಿದ್ದವು. ಅಷ್ಟು ದೊಡ್ಡವರಿಗೇ ಹೀಗಾದರೆ ನಮ್ಮಂಥವರು ಎಷ್ಟರವರು?

ಹಾಗಾದರೆ ಏನು ಬರೆಯಬೇಕು? ಜಾಸ್ತಿ ಏನಿಲ್ಲ. ಉದಾಹರಣೆಗೆಂದೇ ಮೀಸಲಿಟ್ಟ ವಿಳಾಸ 203.0.113.0/24 ನಮ್ಮದು ಅಂದುಕೊಳ್ಳೋಣ. ಒಂದು ಪ್ರಿಫಿಕ್ಸ್-ಲಿಸ್ಟ್ (ವಿಳಾಸದ ಕಟ್ಟುಗಳ ಪಟ್ಟಿ) ಮಾಡಿ, ಅದರಲ್ಲಿ ಇದೊಂದೇ ಇರಲಿ. ಅದನ್ನು ಒಂದು ರೂಟ್-ಮ್ಯಾಪಿಗೆ, ಅಂದರೆ ಬೇಕು-ಬೇಡ ಎಂಬ ನಿಯಮಗಳ ಸರಣಿಗೆ, ಸೇರಿಸಿ, ಎರಡೂ ಕಂಪನಿಗಳ ಕಡೆ 'ಔಟ್' ಎಂದು ಹಾಕಿ. ರೂಟ್-ಮ್ಯಾಪಿನ ಕೊನೆಯಲ್ಲಿ ಬರೆಯದೇ ಇರುವ ಒಂದು 'ಬೇಡ' ಇದ್ದೇ ಇರುತ್ತದೆ, ಪಟ್ಟಿಯಲ್ಲಿ ಇಲ್ಲದ್ದು ಹೊರಗೆ ಹೋಗುವುದಿಲ್ಲ. ಒಳಗೆ ಬರುವುದಕ್ಕೆ ಇನ್ನೊಂದು ಪಟ್ಟಿ. ಸಣ್ಣ ಊರಿಗೆ ಇಡೀ ಇಂಟರ್ನೆಟ್ಟಿನ ಪಟ್ಟಿ ಯಾಕೆ? 'ಬೇರೆಲ್ಲ ವಿಳಾಸಕ್ಕೂ ಈ ಕಡೆ' ಎನ್ನುವ ಡೀಫಾಲ್ಟ್ ರೂಟ್ ಒಂದನ್ನೇ ಕಳಿಸಿ ಎಂದು ಕಂಪನಿಯವರಿಗೆ ಹೇಳಿ, 0.0.0.0/0 ಒಂದನ್ನೇ ಒಪ್ಪಿಕೊಳ್ಳಿ. ಮುಖ್ಯ ಲೈನಿಗೆ ಲೋಕಲ್ ಪ್ರಿಫರೆನ್ಸ್ (ಹೆಚ್ಚಿದ್ದದ್ದೇ ಮೊದಲ ಆಯ್ಕೆ) 200 ಕೊಡಿ, ಇನ್ನೊಂದು ಮಾಮೂಲಿ 100ರಲ್ಲಿ ಇರಲಿ. ಮ್ಯಾಕ್ಸಿಮಮ್-ಪ್ರಿಫಿಕ್ಸ್ ಮಿತಿಯನ್ನೂ ಹಾಕಿ, ಅದರ ಜೊತೆ 'ಫೋರ್ಸ್' ಎಂದು ಸೇರಿಸಿ; ಇಲ್ಲದಿದ್ದರೆ ಅದು ನಾವು ಒಪ್ಪಿದ್ದನ್ನು ಮಾತ್ರ ಎಣಿಸುತ್ತದೆ. ಅವರ ಕಡೆ ಯಾರಾದರೂ ಎಡವಿ ಲಕ್ಷಗಟ್ಟಲೆ ಕಳಿಸಿದರೆ ಸಂಪರ್ಕ ತಾನೇ ಕಡಿಯುತ್ತದೆ.

ಇನ್ನೊಂದು ಸಣ್ಣ ಸಂಗತಿಗೆ ಹುಡುಗರು ಗಂಟೆಗಟ್ಟಲೆ ಒದ್ದಾಡುತ್ತಾರೆ. 'ನೆಟ್‌ವರ್ಕ್' ಎಂಬ ಆಜ್ಞೆ ಬರೆದ ಮಾತ್ರಕ್ಕೆ ನಮ್ಮ ವಿಳಾಸದ ಕಟ್ಟು ಹೊರಗೆ ಹೋಗುವುದಿಲ್ಲ. ಅದು ಮೊದಲು ನಮ್ಮ ರೂಟರಿನ ಪಟ್ಟಿಯಲ್ಲಿ ಇರಬೇಕು. ಅದಕ್ಕೇ ಇಡೀ /24ಕ್ಕೆ ನಲ್0 (ಬಂದದ್ದನ್ನು ಎಸೆಯುವ ಜಾಗ) ಕಡೆಗೆ ಒಂದು ಸ್ಟ್ಯಾಟಿಕ್ ರೂಟ್ (ಕೈಯಾರೆ ಬರೆದ ದಾರಿ) ಹಾಕಿಡಬೇಕು. ಒಳಗಿನ ಚಿಕ್ಕ ಚಿಕ್ಕ ರೂಟುಗಳು ಇರುವುದರಿಂದ ಗ್ರಾಹಕರಿಗೆ ತೊಂದರೆ ಇಲ್ಲ.

ಕೊನೆಗೆ ನಾವು ಸಾರುತ್ತಿರುವುದರ ಪಟ್ಟಿ 'ಅಡ್ವರ್ಟೈಸ್ಡ್-ರೂಟ್ಸ್' ತೆಗೆದು ನೋಡಿ. ಅಲ್ಲಿ ಒಂದೇ ಒಂದು ಸಾಲು ಕಾಣಬೇಕು, ಅದು ನಮ್ಮದಾಗಿರಬೇಕು. ಎರಡನೆಯದು ಕಂಡರೆ ಆ ಸಂಪರ್ಕ ಆಗಲೇ ಕೆಳಗಿಳಿಸಿ, ಕಾರಣ ಆಮೇಲೆ ಹುಡುಕಿ. ಬರೆದದ್ದನ್ನು ಉಳಿಸುವ 'ರೈಟ್ ಮೆಮರಿ' ಮರೆಯಬೇಡಿ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಎಷ್ಟು ಹೊತ್ತಿಗೆ ಬೇಕಾದರೂ ಹೋಗುತ್ತದೆ. ಯುಪಿಎಸ್ ಉಸಿರು ಬಿಟ್ಟರೆ ಉಳಿಸದೇ ಇದ್ದ ಸಾಲೆಲ್ಲ ಅದರ ಜೊತೆಗೇ ಹೋದವು.

ಇಷ್ಟೆಲ್ಲ ಮಾಡಿದರೂ ಫೈಬರ್ ಕಡಿದ ಕ್ಷಣವೇ ಲೈನ್ ಬದಲಾಗದೇ ಇರಬಹುದು. ರೂಟರ್ ಮತ್ತು ಫೈಬರ್ ನಡುವೆ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನು ತಾಮ್ರದ ತಂತಿಗೆ ದಾಟಿಸುವ ಪೆಟ್ಟಿಗೆ) ಇದ್ದರೆ ಆ ಕಡೆ ಫೈಬರ್ ಸತ್ತರೂ ಈ ಕಡೆ ಹಸಿರು ದೀಪ ಉರಿಯುತ್ತಲೇ ಇರಬಹುದು. ಆಗ ಬಿಜಿಪಿಗೆ ಗೊತ್ತಾಗುವುದು ಪಕ್ಕದವರ ಸುದ್ದಿಗೆ ಕಾಯುವ ಹೋಲ್ಡ್ ಟೈಮ್ ಮುಗಿದ ಮೇಲೆ. ಮಾಮೂಲಾಗಿ ಅದು 180 ಸೆಕೆಂಡು. ಎರಡೂ ಕಡೆಯವರು ಒಪ್ಪಿ, ಲೈನ್ ಸತ್ತದ್ದನ್ನು ಬೇಗ ಪತ್ತೆ ಹಚ್ಚುವ ಬಿಎಫ್‌ಡಿ ಹಾಕಿಕೊಂಡರೆ ಒಂದೆರಡು ಸೆಕೆಂಡಿಗೆ ಇಳಿಯುತ್ತದೆ. ಮೂರು ನಿಮಿಷ ನೆಟ್ ಹೋದರೆ ಆಪರೇಟರನ್ನು ಬೈಯಬೇಡಿ. ಅರ್ಧ ದಿನ ಹೋದರೆ ಖಂಡಿತ ಕೇಳಿ.

ನಿಮ್ಮ ಪತ್ರಿಕೆಯ ಶಿಕ್ಷಣ ಪುಟಕ್ಕೂ ಒಂದು ಮಾತು. ನಮ್ಮ ಪಾಲಿಟೆಕ್ನಿಕ್ ಹುಡುಗ ಹುಡುಗಿಯರು ಬಿಜಿಪಿ ಎಂದರೇನು ಎಂಬ ಐದು ಅಂಕದ ಪ್ರಶ್ನೆಗೆ ಚೆನ್ನಾಗಿ ಬರೆಯುತ್ತಾರೆ. ಲ್ಯಾಬಿನ ಮೂಲೆಯಲ್ಲಿ ಧೂಳು ತಿನ್ನುವ ಎರಡು ಹಳೇ ಕಂಪ್ಯೂಟರ್ ಮತ್ತು ಒಂದು ತುಂಡು ಕೇಬಲ್ ಸಿಕ್ಕರೆ ಒಂದು ಮಧ್ಯಾಹ್ನದಲ್ಲಿ ಇದನ್ನೆಲ್ಲ ಕೈಯಾರೆ ಮಾಡಬಹುದು. ಕೆಲಸಕ್ಕೆ ಸೇರುವ ಮೊದಲೇ ಅವರು ಆ 'ಪಾಲಿಸಿ' ಎಂಬ ಪದವನ್ನು ಪರದೆಯ ಮೇಲೆ ಒಮ್ಮೆ ನೋಡಿರಲಿ. ಮೇಷ್ಟ್ರುಗಳು ಮನಸ್ಸು ಮಾಡಬೇಕು, ಅಷ್ಟೇ.

ಪ್ರಶ್ನೆ ಕೇಳಿದ ಓದುಗರು ತಮ್ಮ ಆಪರೇಟರ್ ಹತ್ತಿರ ಹೀಗೆ ವಿಚಾರಿಸಲಿ: ಎರಡೂ ಲೈನ್ ಒಂದೇ ಕಂಬದ ಮೇಲೆ ಬರುತ್ತದಾ? ಲೈನ್ ಬದಲಿಸುವುದು ರೂಟರಾ, ಮನುಷ್ಯನಾ? ಮನುಷ್ಯ ಅಂದರೆ, ಅವನ ಫೋನ್ ನಂಬರ್ ತೆಗೆದುಕೊಂಡು ಬನ್ನಿ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು
ತೀರ್ಥಹಳ್ಳಿ ತಾಲ್ಲೂಕು