ಲೋಗೋ ಹಿಂದೆ ಇರುವ ಸಾಲುಗಳನ್ನು ಮಕ್ಕಳಿಗೆ ಕಾಣಲು ಬಿಡಿ

ಮಾನ್ಯ ಸಂಪಾದಕರೇ,

ನಾನು ಸಾಗರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಕಂಪ್ಯೂಟರ್ ರೂಮಿನ ಬೀಗದ ಕೈ ಕೂಡ ನನ್ನ ಹತ್ತಿರವೇ ಇದೆ. ಹಳೆಯ ವಿದ್ಯಾರ್ಥಿಗಳು ಸೇರಿ ಕೊಡಿಸಿದ ಎಂಟು ಕಂಪ್ಯೂಟರ್ ಅಲ್ಲಿವೆ. ಎಲ್ಲದರಲ್ಲೂ ವಿಂಡೋಸ್ ಜಾಗದಲ್ಲಿ ಉಬುಂಟು ಲಿನಕ್ಸ್. ಈ ಪತ್ರ ಬರೆಯಲು ಕಾರಣ ಅದರಲ್ಲಿ ಮೂರನೇ ನಂಬರಿನದು.

ಬೇರೆಯವು ಅರ್ಧ ಮುಕ್ಕಾಲು ನಿಮಿಷದಲ್ಲಿ ಆನ್ ಆದರೆ ಇದಕ್ಕೆ ಎರಡು ನಿಮಿಷಕ್ಕಿಂತ ಜಾಸ್ತಿ ಬೇಕಿತ್ತು. ಅಷ್ಟು ಹೊತ್ತೂ ಪರದೆ ಮೇಲೆ ಲೋಗೋ, ಅದರ ಕೆಳಗೆ ಸುತ್ತುವ ಚಕ್ರ, ಅಷ್ಟೇ. ರಿಪೇರಿಗೆ ಬಂದವರು ಎರಡು ಸಲ ಆನ್ ಮಾಡಿ, ಆಫ್ ಮಾಡಿ, ಹಾರ್ಡ್ ಡಿಸ್ಕ್ ಹೋಗುತ್ತಾ ಇದೆ, ಹೊಸದು ಹಾಕಿಸಿಬಿಡಿ ಎಂದರು. ನಾನೂ ನಂಬಿದೆ. ಎಸ್‌ಡಿಎಂಸಿ ಸಭೆಯಲ್ಲಿ ದುಡ್ಡು ಕೇಳೋಣ ಅಂತ ಅರ್ಜಿ ಬರೆದಿಟ್ಟಿದ್ದೆ.

ಅಷ್ಟರಲ್ಲಿ ಒಂದು ದಿನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕಾದು ಕಾದು ಬೇಜಾರಾಗಿ ಸುಮ್ನೆ ಎಸ್ಕೇಪ್ ಕೀ ಒತ್ತಿದಳು. ಲೋಗೋ ಮಾಯವಾಗಿ ಕಪ್ಪು ಪರದೆ ಬಂತು. ಹಸಿರು ಬಣ್ಣದಲ್ಲಿ ಓಕೆ, ಓಕೆ, ಓಕೆ ಅಂತ ಒಂದರ ಕೆಳಗೊಂದು ಸಾಲು. ಎಲ್ಲಕ್ಕಿಂತ ಕೆಳಗೆ ಕೆಂಪು ನಕ್ಷತ್ರದ ಗುರುತುಗಳು ಅತ್ತಿಂದಿತ್ತ ಓಡಾಡುತ್ತಿದ್ದವು. ಅವುಗಳ ಮುಂದೆ ಇಂಥ ಡಿಸ್ಕಿಗಾಗಿ ಕೆಲಸ ನಡೆದಿದೆ ಎಂಬ ಅರ್ಥದ ಒಂದು ಇಂಗ್ಲಿಷ್ ಸಾಲು, ಕೊನೆಯಲ್ಲಿ ಏರುತ್ತಿದ್ದ ಅಂಕಿ: 41 ಸೆಕೆಂಡ್, 42 ಸೆಕೆಂಡ್. ಅದರ ಪಕ್ಕ ಗಡುವು, 1 ನಿಮಿಷ 30 ಸೆಕೆಂಡ್.

"ಮೇಡಂ, ಇದು ಯಾರಿಗೋ ಕಾಯ್ತಾ ಇದೆ" ಅಂದಳು.

ಅವಳು ಹೇಳಿದ್ದು ಅಕ್ಷರಶಃ ನಿಜ. ಡಿಸ್ಕಿನಲ್ಲಿ ಹಿಂದೆ, ಮೆಮೊರಿ ಸಾಲದಾಗ ಬಳಸಿಕೊಳ್ಳಲು, ಸ್ವಾಪ್ ಅಂತ ಒಂದು ಭಾಗ ಇತ್ತು. ಯಾವಾಗಲೋ ಡಿಸ್ಕನ್ನು ಹೊಸದಾಗಿ ವಿಂಗಡಿಸಿದಾಗ ಅದು ಅಳಿಸಿಹೋಗಿದೆ. ಆದರೆ ಆನ್ ಆಗುವಾಗ ಯಾವ ಯಾವ ಭಾಗ ಜೋಡಿಸಬೇಕು ಅಂತ ಪಟ್ಟಿ ಇರುತ್ತದಲ್ಲ, ಇಟಿಸಿ ಫೋಲ್ಡರಿನ ಎಫ್‌ಎಸ್‌ಟ್ಯಾಬ್ ಫೈಲು, ಅದರಲ್ಲಿ ಹಳೆಯ ಗುರುತಿನ ನಂಬರ್ ಹಾಗೇ ಉಳಿದಿತ್ತು. ಇಲ್ಲದ ಭಾಗಕ್ಕಾಗಿ ಕಂಪ್ಯೂಟರ್ ದಿನಾ ಬೆಳಿಗ್ಗೆ ಒಂದೂವರೆ ನಿಮಿಷ ಕಾದು, ಸಿಗಲಿಲ್ಲ ಅಂತ ಬರೆದು, ಮುಂದೆ ಹೋಗುತ್ತಿತ್ತು. ಕಂಪ್ಯೂಟರ್ ಅದನ್ನು ಓದದೆ ಬಿಡಲಿ ಅಂತ ಆ ಒಂದು ಸಾಲಿನ ಶುರುವಿನಲ್ಲಿ ಹ್ಯಾಶ್ (#) ಗುರುತು ಹಾಕಿದೆವು. ಖರ್ಚು ಏನೂ ಇಲ್ಲ. ಡಿಸ್ಕ್ ಇವತ್ತಿಗೂ ಚೆನ್ನಾಗಿಯೇ ಇದೆ.

ನನಗೆ ಸಿಟ್ಟು ಬಂದಿದ್ದು ರಿಪೇರಿಯವರ ಮೇಲಲ್ಲ. ಕಂಪ್ಯೂಟರ್ ತನಗೆ ಏನಾಗಿದೆ ಅಂತ ದಿನಾ ಬಾಯಿಬಿಟ್ಟು ಹೇಳುತ್ತಿತ್ತು, ಅದನ್ನು ನಮ್ಮಿಂದ ಮುಚ್ಚಿಟ್ಟಿದ್ದರು ಎಂಬುದಕ್ಕೆ ಸಿಟ್ಟು.

ಮುಚ್ಚುವುದು ಎರಡು ಪದ. ಕ್ವಯಟ್ ಮತ್ತು ಸ್ಪ್ಲ್ಯಾಶ್. ಮೊದಲನೆಯದು ಸಾಲುಗಳನ್ನು ತಡೆಯುತ್ತದೆ, ಎರಡನೆಯದು ಲೋಗೋ ತೋರಿಸುತ್ತದೆ. ಉಬುಂಟು ಹಾಕಿದಾಗ ಇವೆರಡೂ ತಾವಾಗಿಯೇ ಬಂದಿರುತ್ತವೆ. ಇಟಿಸಿ ಒಳಗೆ ಡಿಫಾಲ್ಟ್ ಫೋಲ್ಡರ್, ಅದರಲ್ಲಿ ಗ್ರಬ್ ಎಂಬ ಫೈಲ್ (ಗ್ರಬ್ ಅಂದರೆ ಆನ್ ಮಾಡಿದಾಗ ಲಿನಕ್ಸನ್ನು ಶುರುಮಾಡಿಸುವ ಪ್ರೋಗ್ರಾಮ್). ಅಲ್ಲಿ ಈ ಎರಡು ಪದ ಇರುವ ಸಾಲು ಹುಡುಕಿ, ಪದಗಳನ್ನು ಅಳಿಸಿ, ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಬರೆಯುವ ಕಿಟಕಿಯಲ್ಲಿ, ಸುಡೊ ಅಪ್‌ಡೇಟ್-ಗ್ರಬ್ ಅಂತ ಕೊಟ್ಟರೆ ಮುಗಿಯಿತು. ಫೈಲ್ ಮುಟ್ಟಲು ಹೆದರಿಕೆ ಆದರೆ ಒಂದು ಸಲಕ್ಕೆ ಮಾತ್ರ ನೋಡಬಹುದು. ಆನ್ ಮಾಡಿದ ಕೂಡಲೇ ಶಿಫ್ಟ್ ಒತ್ತಿ ಹಿಡಿದರೆ, ಕೆಲವು ಹೊಸ ಯಂತ್ರಗಳಲ್ಲಿ ಎಸ್ಕೇಪ್ ಒತ್ತಿದರೆ, ಗ್ರಬ್ ಮೆನು ಬರುತ್ತದೆ. ಅಲ್ಲಿ ಇ ಒತ್ತಿ, ಲಿನಕ್ಸ್ ಅಂತ ಶುರುವಾಗುವ ಸಾಲಿನ ಕೊನೆಯಲ್ಲಿ ಆ ಪದಗಳನ್ನು ತೆಗೆದು, ಕಂಟ್ರೋಲ್ ಎಕ್ಸ್ ಒತ್ತಿ. ಮುಂದಿನ ಸಲ ಆನ್ ಮಾಡಿದರೆ ಮತ್ತೆ ಮೊದಲಿನಂತೆಯೇ ಲೋಗೋ ಬರುತ್ತದೆ.

ಹೊಸಬರು ಹೆದರಬಾರದು ಅಂತ ಹೀಗೆ ಮುಚ್ಚಿಡುತ್ತಾರೆ ಎನ್ನುತ್ತಾರೆ. ನಮ್ಮ ಮಕ್ಕಳು ಹೆದರಲಿಲ್ಲ. ಲಿನಕ್ಸಿನ ತಿರುಳಾದ ಕರ್ನಲ್ ಬರೆಯುವ ಸಾಲುಗಳ ಎಡಕ್ಕೆ ಚೌಕ ಆವರಣದಲ್ಲಿ ಒಂದು ದಶಮಾಂಶ ಸಂಖ್ಯೆ ಇರುತ್ತದೆ, ಅದು ಶುರುವಾಗಿ ಎಷ್ಟು ಸೆಕೆಂಡ್ ಆಯಿತು ಅಂತ. ಎರಡು ಸಾಲಿನ ಸಂಖ್ಯೆ ಕಳೆದು ಎಲ್ಲಿ ತಡವಾಯಿತು ಅಂತ ಅವರೇ ಕಂಡುಹಿಡಿದರು. ಗಣಿತದ ಟೀಚರಿಗೆ ಇನ್ನೇನು ಬೇಕು ಹೇಳಿ.

ಆನ್ ಆಗುವಾಗಿನ ಕಥೆ ಇದಾದರೆ, ಆಫ್ ಮಾಡುವಾಗಿನದು ಇನ್ನೂ ಮುಖ್ಯ, ಯಾಕಂದರೆ ಅದನ್ನು ಯಾರೂ ನೋಡುವುದೇ ಇಲ್ಲ. ಸಂಜೆ ಬೆಲ್ ಹೊಡೆದಿರುತ್ತದೆ, ಬಸ್ಸಿನ ಚಿಂತೆ ಇರುತ್ತದೆ. ನಮ್ಮಲ್ಲಿ ಪಾಠದ ವಿಡಿಯೋಗಳೆಲ್ಲ ನನ್ನ ಮೇಜಿನ ಕಂಪ್ಯೂಟರಿನಲ್ಲಿವೆ. ಉಳಿದ ಏಳೂ ನೆಟ್‌ವರ್ಕ್ ಮೂಲಕ ಅಲ್ಲಿಂದಲೇ ತೆಗೆದುಕೊಳ್ಳುತ್ತವೆ. ನಾನು ನನ್ನದನ್ನು ಮೊದಲು ಆಫ್ ಮಾಡುತ್ತಿದ್ದೆ. ಆಮೇಲೆ ಮಕ್ಕಳು ಶಟ್‌ಡೌನ್ ಕೊಟ್ಟರೆ ಅವರ ಯಂತ್ರಗಳು ಲೋಗೋ ತೋರಿಸುತ್ತಾ ನಿಂತುಬಿಡುತ್ತಿದ್ದವು. ಕಾದು ಸಾಕಾಗಿ ಮಕ್ಕಳು ಗೋಡೆಯ ಸ್ವಿಚ್ಚೇ ತೆಗೆಯುತ್ತಿದ್ದರು. ಎಸ್ಕೇಪ್ ಒತ್ತಲು ಕಲಿತ ಮೇಲೆ ಗೊತ್ತಾಯಿತು, ಅವು ನನ್ನ ಕಂಪ್ಯೂಟರಿನ ಫೋಲ್ಡರನ್ನು ಬಿಡಿಸಿಕೊಳ್ಳಲು ಒದ್ದಾಡುತ್ತಿದ್ದವು. ಅತ್ತ ಕಡೆ ಉತ್ತರ ಕೊಡುವವರು ಆಗಲೇ ಮಲಗಿದ್ದರು. ಈಗ ನನ್ನದನ್ನು ಕೊನೆಗೆ ಆಫ್ ಮಾಡುತ್ತೇನೆ. ಏಳೂ ಕೆಲವೇ ಸೆಕೆಂಡಿನಲ್ಲಿ ಆಫ್ ಆಗುತ್ತವೆ, ಸ್ವಿಚ್ ಮುಟ್ಟುವ ಪ್ರಮೇಯವೇ ಇಲ್ಲ.

ಪರದೆ ಮೇಲೆ ಓಡಿಹೋದ ಸಾಲನ್ನು ಆಮೇಲೂ ಓದಬಹುದು. ಟರ್ಮಿನಲ್ ತೆರೆದು ಜರ್ನಲ್‌ಸಿಟಿಎಲ್ ಅಂತ ಒಂದೇ ಪದವಾಗಿ ಬರೆದು, ಜಾಗ ಬಿಟ್ಟು, ಅಡ್ಡಗೆರೆ ಬಿ ಕೊಟ್ಟರೆ ಈ ಸಲ ಆನ್ ಆದಾಗಿನಿಂದ ನಡೆದದ್ದೆಲ್ಲ ಬರುತ್ತದೆ. ಅದರ ಮುಂದೆ ಜಾಗ ಬಿಟ್ಟು ಅಡ್ಡಗೆರೆ 1 ಸೇರಿಸಿದರೆ ಹಿಂದಿನ ಸಲದ್ದು, ಅಂದರೆ ನಿನ್ನೆ ಸಂಜೆ ಆಫ್ ಆಗುವವರೆಗಿನದು. ಇನ್ನೂ ಮುಂದೆ ಅಡ್ಡಗೆರೆ ಇ ಹಾಕಿದರೆ ನೇರ ಕೊನೆಗೇ ಹೋಗುತ್ತದೆ. ತಪ್ಪುಗಳು ಮಾತ್ರ ಸಾಕು ಅನ್ನುವವರು ಅಡ್ಡಗೆರೆ ಪಿ, ಆಮೇಲೆ 3 ಅಂತ ಕೊಡಲಿ. ಮೊದಲೆಲ್ಲ ಶಿಫ್ಟ್ ಜೊತೆ ಪೇಜ್ ಅಪ್ ಒತ್ತಿ ಕಪ್ಪು ಪರದೆಯಲ್ಲೇ ಹಿಂದಕ್ಕೆ ಹೋಗಬಹುದಿತ್ತು. 2020ರಲ್ಲಿ ಬಂದ 5.9 ಕರ್ನಲ್‌ನಿಂದ ಆ ಸೌಲಭ್ಯ ತೆಗೆದರು, ಹಾಗಾಗಿ ಈ ಕಮಾಂಡ್ ಗೊತ್ತಿರಲೇಬೇಕು.

ಒಂದು ಎಚ್ಚರಿಕೆ ಇದೆ. ಕೆಲವು ಲಿನಕ್ಸ್‌ಗಳಲ್ಲಿ ವಾರ್ ಒಳಗಿನ ಲಾಗ್ ಫೋಲ್ಡರಿನಲ್ಲಿ ಜರ್ನಲ್ ಎಂಬ ಫೋಲ್ಡರೇ ಇರುವುದಿಲ್ಲ. ಆಗ ದಾಖಲೆ ಬರೀ ಮೆಮೊರಿಯಲ್ಲಿ ಇದ್ದು, ಆಫ್ ಮಾಡಿದ ಕೂಡಲೇ ಅಳಿಸಿಹೋಗುತ್ತದೆ. ಆ ಫೋಲ್ಡರನ್ನು ಒಂದು ಸಲ ಮಾಡಿಟ್ಟು ಕಂಪ್ಯೂಟರನ್ನು ಮತ್ತೆ ಆನ್ ಮಾಡಿದರೆ ಅಲ್ಲಿಂದ ಮುಂದೆ ಉಳಿಯುತ್ತದೆ. ಹಾಗಿದ್ದರೂ ಆಫ್ ಆಗುವ ತೀರಾ ಕೊನೆಯ ಸಾಲುಗಳು ಫೈಲಿಗೆ ಸೇರುವುದಿಲ್ಲ. ಬರೆದುಕೊಳ್ಳುವ ಪ್ರೋಗ್ರಾಮೇ ಆಗ ನಿಂತಿರುತ್ತದೆ, ಡಿಸ್ಕೂ ಬಿಡುಗಡೆ ಆಗಿರುತ್ತದೆ. ಅವು ಸಿಗುವುದು ಪರದೆ ಮೇಲೆ ಮಾತ್ರ. ಪರದೆ ತೆರೆದಿಡಿ ಅಂತ ನಾನು ಇಷ್ಟು ಹಟ ಮಾಡುವುದು ಇದಕ್ಕೇ. ಬೇಕಿದ್ದರೆ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಬಹುದಲ್ವಾ?

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋಗಿ ಬರುವುದು ಗೊತ್ತೇ ಇದೆ. ಯಂತ್ರವೇ ಕೆಟ್ಟು ನಿಂತಿತೋ, ಕರೆಂಟ್ ಹೋಗಿ ನಿಂತಿತೋ ಅಂತ ಪ್ರತಿ ಸಲ ಜಗಳ. ಜರ್ನಲ್‌ಸಿಟಿಎಲ್ ಮುಂದೆ ಎರಡು ಅಡ್ಡಗೆರೆ ಹಾಕಿ ಲಿಸ್ಟ್-ಬೂಟ್ಸ್ ಅಂತ ಕೊಟ್ಟರೆ ಪ್ರತಿ ಸಲ ಯಾವಾಗ ಶುರುವಾಯಿತು, ಕೊನೆಯ ಸಾಲು ಯಾವ ಹೊತ್ತಿನದು ಅಂತ ಪಟ್ಟಿ ಬರುತ್ತದೆ. ಸರಿಯಾಗಿ ಆಫ್ ಮಾಡಿದ್ದರೆ ಕೊನೆಯಲ್ಲಿ ಒಂದೊಂದೇ ಸೇವೆ ನಿಲ್ಲಿಸಿದ ಸಾಲುಗಳಿರುತ್ತವೆ. ಕರೆಂಟ್ ಹೋಗಿದ್ದರೆ ಮಾತು ಅರ್ಧಕ್ಕೇ ತುಂಡಾಗಿರುತ್ತದೆ. ಕರೆಂಟ್ ಹೋದ ಹೊತ್ತನ್ನು ಮಕ್ಕಳು ಬೋರ್ಡಿನ ಮೂಲೆಯಲ್ಲಿ ಬರೆದಿಡುತ್ತಾರೆ, ಮರುದಿನ ಎರಡನ್ನೂ ಹೋಲಿಸುತ್ತಾರೆ.

ಕೆಂಪು ಸಾಲು ಕಂಡ ಕೂಡಲೇ ಗಾಬರಿ ಬೇಡ ಅಂತಲೂ ಹೇಳಬೇಕು. ಎಸಿಪಿಐ ಬಯಾಸ್ ಎರರ್ ಅಂತ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ದಿನಾ ಬರುತ್ತದೆ, ಕೆಲಸಕ್ಕೆ ಸಾಮಾನ್ಯವಾಗಿ ಏನೂ ತೊಂದರೆ ಆಗುವುದಿಲ್ಲ. ಆದರೆ ಎಸ್‌ಡಿಎ ಎಂಬ ಡಿಸ್ಕಿನ ಹೆಸರಿನ ಜೊತೆ ಐಒ ಎರರ್, ಸೆಕ್ಟರ್ ನಂಬರ್ ಪದೇ ಪದೇ ಕಂಡರೆ ತಡ ಮಾಡದೆ ಫೈಲುಗಳನ್ನು ಬೇರೆ ಕಡೆ ನಕಲು ಮಾಡಿಕೊಳ್ಳಿ. ಡಿಸ್ಕ್ ನಿಜವಾಗಿ ಹೋಗುತ್ತಿದ್ದರೆ ಹೀಗೆ ಕಾಣುತ್ತದೆ. ನಮ್ಮ ಮೂರನೇ ನಂಬರಿನಲ್ಲಿ ಅಂಥ ಒಂದು ಸಾಲೂ ಇರಲಿಲ್ಲ.

ಶಾಲೆಗಳಿಗೆ, ಪಂಚಾಯಿತಿ ಗ್ರಂಥಾಲಯಗಳಿಗೆ ಲಿನಕ್ಸ್ ಹಾಕಿಕೊಡುವ ಎಲ್ಲರಿಗೂ ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ. ಕೆಲಸ ಮುಗಿಸಿ ಹೊರಡುವ ಮುಂಚೆ ಆ ಎರಡು ಪದ ಅಳಿಸಿ ಹೋಗಿ. ಒಬ್ಬ ಟೀಚರನ್ನೂ ಇಬ್ಬರು ಮಕ್ಕಳನ್ನೂ ಪಕ್ಕ ನಿಲ್ಲಿಸಿಕೊಂಡು ಒಂದು ಸಲ ಆನ್ ಮಾಡಿ, ಒಂದು ಸಲ ಆಫ್ ಮಾಡಿ, ಬರುವ ಸಾಲುಗಳನ್ನು ತೋರಿಸಿ. ಹತ್ತು ನಿಮಿಷ ಸಾಕು. ಸಂಪಾದಕರಲ್ಲೂ ಒಂದು ಕೋರಿಕೆ. ಪದೇ ಪದೇ ಕಾಣುವ ಇಂಥ ಇಪ್ಪತ್ತು ಸಾಲುಗಳಿಗೆ ಕನ್ನಡದಲ್ಲಿ ಅರ್ಥ ಬರೆದು ಒಂದು ಪುಟ ಪ್ರಕಟಿಸಿ. ಅದನ್ನು ಕತ್ತರಿಸಿ ರೂಮಿನ ಬಾಗಿಲಿಗೆ ಅಂಟಿಸುತ್ತೇವೆ.

ಇಂತಿ,
ಗಣಿತ ಶಿಕ್ಷಕಿ, ಸಾಗರ ತಾಲ್ಲೂಕು